ನಾಲ್ಕನೇ ಕಾಯಿಯ ಹೆಸರು

ಲಕ್ಕೂರಿನ ಕೆಳಗಿನ ಬೀದಿಗೆ ಬಂದು ವೆಂಕಟರತ್ನಮ್ಮನವರ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಕಾಯಿ ರತ್ನಮ್ಮ ಎಂದರೆ ಮಾತ್ರ ಚಿಕ್ಕ ಮಕ್ಕಳೂ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಡುತ್ತಾರೆ. ಹಾಗೆಂದು ಆಕೆ ತೆಂಗಿನಕಾಯಿ ವ್ಯಾಪಾರದವಳಲ್ಲ. ಆಕೆ ಮಾಡುವುದು ಚೌಕಾಬಾರ ಆಡುವ ಕಾಯಿ. ಹೆಬ್ಬೆರಳ ತುದಿಯಷ್ಟು ಮಣ್ಣಿನ ತುಂಡು, ಭಟ್ಟಿಯಲ್ಲಿ ಬೆಂದು ಹೆಂಚಿನ ಬಣ್ಣಕ್ಕೆ ತಿರುಗಿದ್ದು, ಅದರ ಅಡಿಯಲ್ಲಿ ಕಡ್ಡಿಯಿಂದ ಗೀಚಿದ ಒಂದು ಹೆಸರು. ಇವನ್ನು ಆಕೆ ಮಾರುವುದಿಲ್ಲ. ತನ್ನ ಬೀದಿಗೆ ಸೊಸೆಯಾಗಿ ಬಂದ ಪ್ರತಿ ಹೆಣ್ಣಿಗೂ ನಾಲ್ಕು ಕಾಯಿ ಮಾಡಿಕೊಡುತ್ತಾಳೆ, ಅಷ್ಟೇ. ಬೇರೆ ಬೀದಿಯವರು ಬಂದು ಕೇಳಿದರೆ "ನಿಮ್ ಬೀದೀಲೂ ಮಣ್ಣೈತಲ್ಲಮ್ಮ" ಎಂದು ನಗುತ್ತಲೇ ಸಾಗಹಾಕುತ್ತಾಳೆ. ಆ ವಿಷಯದಲ್ಲಿ ಆಕೆ ಜಿಪುಣಿ, ನಾವು ಮುಚ್ಚಿಡುವುದೇನೂ ಇಲ್ಲ.

ಇದು ಶುರುವಾದದ್ದು ಹೆಂಚಿನ ಫ್ಯಾಕ್ಟರಿಯಲ್ಲಿ. ಶ್ರೀನಿವಾಸಪುರದ ಕಡೆಯಿಂದ ಮದುವೆಯಾಗಿ ಬಂದಾಗ ವೆಂಕಟರತ್ನಮ್ಮ ಬಾಯಿ ತೆರೆದರೆ ತೆಲುಗು. ಈ ಸೀಮೆಯಲ್ಲಿ ತೆಲುಗು ಬಾರದವರು ಯಾರಿದ್ದಾರೆ? ಎಲ್ಲರಿಗೂ ಅರ್ಥವಾಗುತ್ತಿತ್ತು, ಅತ್ತೆಯೊಬ್ಬರಿಗೆ ಮಾತ್ರ ಬೇಕೆಂದೇ ಆಗುತ್ತಿರಲಿಲ್ಲ. "ನೀಳ್ಳು" ಎಂದು ಸೊಸೆ ನೀರು ಕೇಳಿದರೆ ಆ ಮಹಾತಾಯಿ "ಅದೇನಮ್ಮ ಅದು?" ಎಂದು ಕಣ್ಣರಳಿಸಿ ಕೇಳುತ್ತಿದ್ದರು. ಗಂಡ ಕೋದಂಡರಾಮಪ್ಪ ಒಳ್ಳೆಯವನು, ಆದರೆ ಮಾತಿನಲ್ಲಿ ಬಡವ. ಒಂದಿಷ್ಟು ಹಿಪ್ಪುನೇರಳೆ, ಒಂದಿಷ್ಟು ರಾಗಿ, ಅದರಲ್ಲಿ ಮನೆ ಸಾಗುತ್ತಿರಲಿಲ್ಲ. ಹಾಗಾಗಿ ವೆಂಕಟರತ್ನಮ್ಮ ಮಾಲೂರು ರಸ್ತೆಯ ಹೆಂಚಿನ ಫ್ಯಾಕ್ಟರಿಗೆ ಕೆಲಸಕ್ಕೆ ಹೋದಳು. ಅಚ್ಚಿನಿಂದ ಹೊರಬಂದ ಹಸಿ ಹೆಂಚಿನ ಅಂಚು ಸವರುವ ಕೆಲಸ. ಸವರಿದ ಮಣ್ಣು ಕಾಲಬುಡದಲ್ಲಿ ರಾಶಿಯಾಗಿ ಬೀಳುತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಆ ಮಣ್ಣನ್ನೇ ಹಿಡಿದು ನಾಲ್ಕು ಕಾಯಿ ಮಾಡಿದಳು, ಒಂದೊಂದರ ಅಡಿಗೂ ಒಂದು ಹೆಸರು ಗೀಚಿದಳು, ಭಟ್ಟಿಯವನಿಗೆ ಎಲೆಅಡಿಕೆ ಕೊಟ್ಟು ಹೆಂಚಿನ ಸಾಲಿನ ಮೂಲೆಯಲ್ಲಿ ಇಡಿಸಿದಳು.

ಆ ಹೆಸರುಗಳು ಅವಳ ತವರಿನವು. ಪೆದ್ದಮಾನು ಅಂದರೆ ಅಪ್ಪನ ತೋಪಿನ ದೊಡ್ಡ ಮಾವಿನ ಮರ. ತೆಲ್ಲಾವು ಅಂದರೆ ಅವಳೇ ಹಾಲು ಕರೆಯುತ್ತಿದ್ದ ಬಿಳಿ ಹಸು. ಮೆಟ್ಲಬಾವಿ, ಮೆಟ್ಟಿಲಿದ್ದ ಬಾವಿ. ಕರಿಯ, ನಾಯಿ. ಮೊದಲ ಸಲ ಬೀದಿಯ ಹೆಂಗಸರ ಜೊತೆ ಆಟಕ್ಕೆ ಕೂತಾಗ ಯಾರೋ ಅವಳ ತೆಲ್ಲಾವನ್ನು ಕಡಿದರು. ಚೌಕಾಬಾರದಲ್ಲಿ ಎದುರಾಳಿಯ ಕಾಯಿ ಇರುವ ಮನೆಗೇ ನಮ್ಮ ಕಾಯಿ ಹೋಗಿ ಬಿದ್ದರೆ ಅದನ್ನು ಕಡಿದ ಹಾಗೆ. ಕಡಿಸಿಕೊಂಡ ಕಾಯಿ ಹೊರಟ ಮನೆಗೇ ವಾಪಸು ಹೋಗಿ ಮತ್ತೆ ಮೊದಲಿನಿಂದ ನಡೆಯಬೇಕು. ಹಸು ಹೋಯಿತಲ್ಲ ಎಂದು ವೆಂಕಟರತ್ನಮ್ಮನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಎಲ್ಲರೂ ನಕ್ಕರು. ಅವಳಿಗೂ ನಗು ತಡೆಯಲಾಗಲಿಲ್ಲ. ಆ ಮನೆಗೆ ಬಂದಮೇಲೆ ಅವಳು ಬಾಯಿ ತುಂಬಾ ನಕ್ಕದ್ದು ಅದೇ ಮೊದಲು.

ಮಾರನೆಯ ವಾರಕ್ಕೆ ಪಕ್ಕದ ಮನೆಯ ಶಾಮಲಮ್ಮ ತನಗೂ ಬೇಕೆಂದಳು. ಆಮೇಲೆ ಎದುರು ಮನೆಯ ದೊಡ್ಡಮುನಿಯಮ್ಮ. ದೊಡ್ಡಮುನಿಯಮ್ಮನಿಗೆ ತವರಿನಲ್ಲಿ ನೆನಪಿಡುವಂಥದ್ದು ಏನೂ ಇರಲಿಲ್ಲವಂತೆ. ಬಹಳ ಯೋಚಿಸಿ ಒಂದು ಕಾಯಿಗೆ "ಮೊದಲ್ನೇ ಬಸ್ಸು" ಎಂದು ಹೆಸರಿಟ್ಟಳು. ತವರಿಗೆ ಹೋಗುವ ಬಸ್ಸದು. ಇವತ್ತಿಗೂ ಆ ಕಾಯಿ ಕಡಿದರೆ ಯಾರಾದರೊಬ್ಬರು "ಬಸ್ಸು ಪಂಚರ್!" ಎಂದು ಕೂಗದೆ ಬಿಡುವುದಿಲ್ಲ. ಹೀಗೆ ಬೀದಿಯಲ್ಲಿ ಪದ್ಧತಿಯೇ ಬೆಳೆಯಿತು. ಹೊಸ ಸೊಸೆ ಬಂದರೆ ರತ್ನಮ್ಮ ಮಣ್ಣು ಕಲಸುತ್ತಾಳೆ. ಮಣ್ಣು ಹಸಿ ಇರುವಾಗಲೇ ಆ ಹುಡುಗಿ ತಾನು ಬಿಟ್ಟುಬಂದದ್ದರ ಹೆಸರು ಹೇಳಬೇಕು. ಕಡಿದವರು ಕಾಯಿಯ ಹೆಸರು ಗಟ್ಟಿಯಾಗಿ ಕೂಗಿ "ನಡಿಯೇ ಮನೆಗೆ" ಎಂದು ಅದನ್ನು ಎತ್ತಿ ವಾಪಸು ಇಡಬೇಕು.

ಒಂದೇ ಒಂದು ಕಟ್ಟುಪಾಡು. ಮನುಷ್ಯರ ಹೆಸರು ಇಡಕೂಡದು. ಶಾಮಲಮ್ಮ ಪ್ರೀತಿ ಹೆಚ್ಚಾಗಿ ತಮ್ಮನ ಹೆಸರಿಟ್ಟಿದ್ದಳು, ಆಂಜಿ. ಆಟದಲ್ಲಿ ಆಂಜಿಯನ್ನು ಕಡಿದ ವಾರದಲ್ಲೇ ಅಸಲು ಆಂಜಿ ಹುಣಸೆ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಕುಡಿದು ಮರ ಹತ್ತಿದ್ದ ಅನ್ನುವುದು ಊರಿಗೆಲ್ಲ ಗೊತ್ತು. ಆದರೂ ಶಾಮಲಮ್ಮ ಆ ಕಾಯಿಯನ್ನು ಕೆರೆಗೆ ಎಸೆದು, ಇನ್ನು ಮೇಲೆ ಈ ಬೀದಿಯಲ್ಲಿ ಯಾರೂ ಉಸಿರಾಡುವ ಜೀವದ ಹೆಸರಿಡಬಾರದು ಎಂದಳು. ಹಸು, ನಾಯಿ ಉಸಿರಾಡುವುದಿಲ್ಲವೇ ಎಂದು ದೊಡ್ಡಮುನಿಯಮ್ಮ ಕೇಳಿದಾಗ, ಸರಿ, ಮನುಷ್ಯರದ್ದು ಬೇಡ ಎಂದು ತಿದ್ದುಪಡಿಯಾಯಿತು.

ಈಗ ಪದ್ಮಶ್ರೀಯ ವಿಷಯಕ್ಕೆ ಬರೋಣ. ವೆಂಕಟರತ್ನಮ್ಮನ ಒಬ್ಬನೇ ಮಗ ವೇಣುಗೋಪಾಲ್, ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಶಿಫ್ಟ್ ಕೆಲಸ. ಅವನಿಗೆ ಆವನಿಯಿಂದ ತಂದ ಹೆಣ್ಣು ಪದ್ಮಶ್ರೀ. ಬಂದ ಮೂರನೆಯ ದಿನಕ್ಕೇ ಮಾವನನ್ನು ಮಾತಾಡಿಸಿಬಿಟ್ಟ ಹುಡುಗಿ ಅಂದರೆ ಅವಳ ಬಾಯಿ ಎಂಥದೆಂದು ತಿಳಿಯಿರಿ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾ ಹುಳಗಳ ಜೊತೆಗೂ ಮಾತು. "ತಿನ್ರೋ, ತಿನ್ರೋ, ನಿಮ್ಮಪ್ಪನ ಗಂಟೇನೂ ಹೋಗಲ್ಲ" ಎಂದು ಅವಳು ಬೈಯುವುದನ್ನು ಕೇಳಿ ಕೋದಂಡರಾಮಪ್ಪ ಬಾಗಿಲ ಹಿಂದೆ ನಿಂತು ನಗುತ್ತಿದ್ದ. ಕಾಯಿ ಮಾಡುವ ದಿನ ಮೂರು ಹೆಸರು ಪಟಪಟ ಹೇಳಿದಳು. ಬೆಟ್ಟ, ಹುಣಸೇತೋಪು, ಸೈಕಲ್ಲು. ನಾಲ್ಕನೆಯದಕ್ಕೆ ತಡೆದು, "ಅದೊಂದ್ ಇರ್ಲಿ ಅತ್ತೆ, ಆಮೇಲೆ ಹೇಳ್ತೀನಿ" ಎಂದಳು. ಹೆಸರಿಲ್ಲದೆ ಕಾಯಿ ಸುಡುವ ಪದ್ಧತಿಯಿಲ್ಲ. ಆ ಹಸಿ ಕಾಯಿಯನ್ನು ವೆಂಕಟರತ್ನಮ್ಮ ಮಣ್ಣಿನ ಮುದ್ದೆಗೇ ಸೇರಿಸಿಬಿಟ್ಟಳು. ಪದ್ಮಶ್ರೀ ಆಡುವಾಗ ನಾಲ್ಕನೆಯ ಕಾಯಿಯ ಜಾಗದಲ್ಲಿ ಒಂದು ಹುಣಸೆ ಬೀಜ ಇಟ್ಟುಕೊಳ್ಳುತ್ತಿದ್ದಳು.

ಆಮೇಲೆ ಅವಳು ಬಸುರಿಯಾದಳು. ತಿಂಗಳು ತುಂಬುತ್ತಾ ಬಂದಾಗ ಒಂದು ಬೆಳಗ್ಗೆ ಮಗು ಮಿಸುಕುತ್ತಿಲ್ಲ ಎಂದಳು. ಕೋಲಾರಕ್ಕೆ ಕರೆದುಕೊಂಡು ಹೋದರು. ಹೆಣ್ಣು ಮಗು, ಹುಟ್ಟುವ ಮೊದಲೇ ಉಸಿರಿರಲಿಲ್ಲ. ಯಾರ ತಪ್ಪೂ ಅಲ್ಲ ಎಂದು ಡಾಕ್ಟರಮ್ಮ ಹೇಳಿದರು, ಅದು ನಿಜವೂ ಇರಬೇಕು. ತಾಯಿಗೆ ತೋರಿಸಬೇಡಿ, ಮುಖ ನೋಡಿದರೆ ಮರೆಯುವುದಿಲ್ಲ ಎಂದು ಜೊತೆಗೆ ಬಂದಿದ್ದ ಹಿರಿಯರೆಲ್ಲ ಒಂದೇ ಮಾತು ಹೇಳಿದರು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಕೈಗೆ ತೆಗೆದುಕೊಂಡವಳು ವೆಂಕಟರತ್ನಮ್ಮ. ಕೋಲಾರದಿಂದ ಲಕ್ಕೂರಿನವರೆಗೂ ಕಾರಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದವಳೂ ಅವಳೇ. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕೋದಂಡರಾಮಪ್ಪ ಗುಣಿ ತೆಗೆದ.

ಪದ್ಮಶ್ರೀ ಮನೆಗೆ ಬರುವಷ್ಟರಲ್ಲಿ ತೊಟ್ಟಿಲು ಇರಲಿಲ್ಲ, ನಂಟರ ಮನೆಗೆ ಹೋಗಿತ್ತು. ಹೊಲಿದಿಟ್ಟಿದ್ದ ಕುಲಾವಿ ಇರಲಿಲ್ಲ. ಉಸಿರಾಡದ ಮಗುವಿಗೆ ಹೆಸರಿಡುವ ಪದ್ಧತಿ ಎಲ್ಲಿಯೂ ಇಲ್ಲ, ಹಾಗಾಗಿ ಹೆಸರೂ ಇರಲಿಲ್ಲ. ಹುಡುಗಿಗೆ ನೋವಾಗದಿರಲಿ ಎಂದು ಮನೆಯವರು, ಬೀದಿಯವರು ಎಲ್ಲರೂ ಆ ಮಾತು ಎತ್ತದೆ ಕಾಪಾಡಿದರು. ಕಾಪಾಡಿ ಕಾಪಾಡಿ ವರ್ಷವಾಗುತ್ತಾ ಬಂತು. ಪದ್ಮಶ್ರೀ ಅಡಿಗೆ ಮಾಡುತ್ತಾಳೆ, ಸೊಪ್ಪು ಹಾಕುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಹುಳಗಳನ್ನು ಬೈಯುವುದಿಲ್ಲ. ಚೌಕಾಬಾರಕ್ಕೆ ಕರೆದರೆ "ನೀವ್ ಆಡಿ ಅತ್ತೆ" ಎನ್ನುತ್ತಾಳೆ. ವೆಂಕಟರತ್ನಮ್ಮನಿಗೆ ಇನ್ನೊಂದು ಮೊಮ್ಮಗು ಬೇಕೆಂದು ಬೀದಿಯವರು ಅಂದುಕೊಂಡಿದ್ದರು. ಅವಳಿಗೆ ಬೇಕಾದದ್ದು ಅದಲ್ಲ. ಆ ಹುಡುಗಿ ಮತ್ತೆ ಬಾಯಿಬಿಟ್ಟು ಮಾತಾಡಬೇಕು, ಬೈದರೂ ಸರಿಯೇ. ಮಾತಿಲ್ಲದ ಮನೆಗೆ ಸೊಸೆಯಾಗಿ ಬಂದು ಬೆಂದವಳು ಅವಳು, ತನ್ನ ಮನೆಯೂ ಹಾಗೇ ಆಗಿಬಿಟ್ಟಿತಲ್ಲ ಎನ್ನುವ ಸಂಕಟ ಅವಳನ್ನು ತಿನ್ನುತ್ತಿತ್ತು.

ಹುಳ ನಾಲ್ಕನೆಯ ಜ್ವರಕ್ಕೆ ಕೂತ ದಿನ. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಪೊರೆ ಬಿಡುವ ಕಾಲ. ತಲೆ ಎತ್ತಿ ನಿದ್ದೆ ಹೋದ ಹಾಗೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ರೇಷ್ಮೆ ಸಾಕುವ ಹೆಂಗಸರಿಗೆ ಬೆನ್ನು ನೇರ ಮಾಡಲು ಸಿಗುವುದು ಆಗ ಮಾತ್ರ. ವೆಂಕಟರತ್ನಮ್ಮ ಕೆರೆ ಮಣ್ಣು ತಂದು ಹಿತ್ತಲಲ್ಲಿ ಕಲಸುತ್ತಾ ಕೂತಳು. ಸೊಸೆಯನ್ನು ಕರೆಯಲಿಲ್ಲ, ಕರೆದರೆ ಬರುವುದಿಲ್ಲವೆಂದು ಗೊತ್ತು. "ಮೈ ಕೈಯೆಲ್ಲ ನೋವು, ಈ ಮಣ್ಣು ಹದಕ್ಕೇ ಬರ್ತಿಲ್ಲ" ಎಂದು ಗೋಡೆಗೆ ಹೇಳಿದಳು. ಸುಳ್ಳು. ಮಣ್ಣು ಬೆಣ್ಣೆಯಷ್ಟು ಹದವಾಗಿತ್ತು.

ಪದ್ಮಶ್ರೀ ಬಂದು ಎದುರಿಗೆ ಕೂತಳು. ಮಣ್ಣು ಮುಟ್ಟಿ ನೋಡಿದಳು, ಅತ್ತೆಯ ಸುಳ್ಳು ಗೊತ್ತಾಯಿತು.

"ಯಾರಿಗೆ ಅತ್ತೆ ಇದು?"

"ನಿಂಗೇ ಕಣಮ್ಮ. ನಾಲ್ಕನೇದು ಹಂಗೇ ಉಳ್ಕೊಂಡೈತಲ್ಲ. ಬೀಜ ಇಟ್ಕೊಂಡು ಎಷ್ಟ್ ದಿನ ಆಡ್ತೀಯ?"

ತವರಿನ ಕೊಳವೋ, ಕುರಿಮರಿಯೋ ಏನಾದರೊಂದು ಹೇಳುತ್ತಾಳೆ, ಆ ನೆಪದಲ್ಲಿ ನಾಲ್ಕು ಮಾತಾಡುತ್ತಾಳೆ ಎಂಬುದು ವೆಂಕಟರತ್ನಮ್ಮನ ಲೆಕ್ಕಾಚಾರ. ಪದ್ಮಶ್ರೀ ಮಾತ್ರ ಚಿಟಿಕೆ ಮಣ್ಣು ತೆಗೆದುಕೊಂಡು ತಾನೇ ಉರುಟು ಮಾಡಿದಳು, ಮೇಲೆ ಸಣ್ಣ ತಲೆಯ ಹಾಗೆ ಗುಂಡಗೆ ತಿದ್ದಿದಳು. ಪೊರಕೆ ಕಡ್ಡಿ ಮುರಿದು, ಅಂಗೈ ಮರೆಮಾಡಿ, ಅಡಿಯಲ್ಲಿ ಗೀಚಿದಳು. ಕಾಯಿಯನ್ನು ಅತ್ತೆಯ ಮುಂದಿನ ಮಣೆಯ ಮೇಲಿಟ್ಟು, ಕೈ ತೊಳೆಯದೆ ಎದ್ದು ಒಳಗೆ ಹೋದಳು.

ವೆಂಕಟರತ್ನಮ್ಮ ತಿರುಗಿಸಿ ನೋಡಿದಳು. ಓದಿದ್ದು ನಾಲ್ಕನೇ ಕ್ಲಾಸು, ಅಕ್ಷರ ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಜಾ. ನ. ಕಿ. ಪದ್ಮಶ್ರೀಯ ತವರಿನಲ್ಲಿ, ನೆಂಟರಲ್ಲಿ ಜಾನಕಿ ಎಂಬ ಹೆಸರಿನವರು ಯಾರೂ ಇಲ್ಲ. ಬಸುರಿಯಾಗಿದ್ದಾಗ ಹುಡುಗಿ ಆವನಿಯ ಬೆಟ್ಟ ಹತ್ತಿ ಸೀತಮ್ಮನಿಗೆ ಹರಕೆ ಹೊತ್ತು ಬಂದಿದ್ದಳು. ಯಾರ ಹೆಸರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಣ್ಣು ಇನ್ನೂ ಹಸಿ. ಒದ್ದೆ ಹೆಬ್ಬೆರಳಿನಿಂದ ಒಂದು ಸಲ ಸವರಿದರೆ ಸಾಕು, ಅಲ್ಲಿ ಏನೂ ಇರುವುದಿಲ್ಲ. ಹೆಂಚಿನ ಅಂಚು ಸವರಿ ಸವರಿ ಪಳಗಿದ ಬೆರಳದು. ಮನುಷ್ಯರ ಹೆಸರು ಕೂಡದೆಂಬ ಕಟ್ಟು ಬೀದಿಗೆಲ್ಲ ಇದ್ದದ್ದು, ಮಾಡಿದ್ದು ಶಾಮಲಮ್ಮನಾದರೂ ಇಷ್ಟು ವರ್ಷ ಕಾಯ್ದುಕೊಂಡು ಬಂದದ್ದು ಇವಳೇ. ಮೇಲಾಗಿ, ಹೋದ ಮಗುವಿನ ಹೆಸರು ಮನೆಯಲ್ಲಿ ಓಡಾಡಿದರೆ ಮುಂದೆ ಬರುವುದಕ್ಕೆ ಒಳ್ಳೆಯದಲ್ಲ ಎಂಬ ಹೆದರಿಕೆ ಬೇರೆ. ಹೆಬ್ಬೆರಳನ್ನು ನೀರಿನಲ್ಲಿ ಅದ್ದಿದಳು ಕೂಡ. ಅಷ್ಟರಲ್ಲಿ ಕೋದಂಡರಾಮಪ್ಪ ಸೊಪ್ಪಿನ ಕುಡುಗೋಲು ಇಡಲು ಹಿತ್ತಲಿಗೆ ಬಂದ. ಅವಳು ಕಾಯಿಯನ್ನು ಅವನ ಕಣ್ಣಿಗೆ ಹಿಡಿದಳು.

"ನೋಡ್ರೀ, ನಿಮ್ ಸೊಸೆ ಏನ್ ಬರ್ದವ್ಳೆ."

ಅವನು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಓದಿದ. ಕುಡುಗೋಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿದ. ಆಮೇಲೆ, "ಹೆಸ್ರು ಚೆನ್ನಾಗೈತೆ" ಎಂದು ಹೇಳಿ ತೋಟದ ಕಡೆ ಹೊರಟುಹೋದ. ವೆಂಕಟರತ್ನಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಹೆಂಚಿನ ಫ್ಯಾಕ್ಟರಿ ಮುಚ್ಚಿ ಬಹಳ ಕಾಲವಾಯಿತು. ಈಗ ಅವಳ ಕಾಯಿಗಳು ಬೇಯುವುದು ಊರಾಚೆಯ ಇಟ್ಟಿಗೆ ಭಟ್ಟಿಯಲ್ಲಿ. ನೆರಳಲ್ಲಿ ಒಣಗಿಸಿದ ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಾನೇ ನಡೆದು ಹೋಗಿ ಕೊಟ್ಟುಬಂದಳು. ಬಿರುಕು ಬಿಡದೆ ಬರಲಿ ಎಂದು ದಾರಿಯ ಮುನೇಶ್ವರನಿಗೆ ಕೈ ಮುಗಿದಳು. ಅಷ್ಟರಲ್ಲಿ ಹುಳ ಜ್ವರದಿಂದ ಎದ್ದು, ಸೊಪ್ಪು ಮುಕ್ಕಿ, ಮೈ ಹಣ್ಣಾಗಿ, ಬಿದಿರಿನ ಚಂದ್ರಿಕೆ ತಟ್ಟೆಗೆ ಹತ್ತಿ ಗೂಡು ಕಟ್ಟಲು ಕೂತಿತು. ಮನೆಯವರಿಗೆ ಮತ್ತೆ ಬಿಡುವಾಯಿತು. ಭಟ್ಟಿಯಿಂದ ಕಾಯಿ ಬಂತು. ಬಿರುಕಿರಲಿಲ್ಲ, ಅಕ್ಷರ ಮೊದಲಿಗಿಂತ ಸ್ಪಷ್ಟವಾಗಿತ್ತು. ಕೈಗೆ ಕೊಟ್ಟಾಗ ಪದ್ಮಶ್ರೀ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ನಾಳೆ ಆಡೋಣ್ವಾ ಅತ್ತೆ?" ಎಂದಳು. ಅಷ್ಟು ದಿನದ ಮೇಲೆ ಅವಳು ತಾನಾಗಿ ಆಟಕ್ಕೆ ಕರೆದದ್ದು ಅದೇ ಮೊದಲು. ವೆಂಕಟರತ್ನಮ್ಮನಿಗೆ ಖುಷಿಗಿಂತ ಹೆಚ್ಚಾಗಿ ಗಾಬರಿಯಾಯಿತು.

ಯಾಕೆಂದರೆ ಆಟ ಅಂದಮೇಲೆ ಕಡಿಯುವುದು ಇದ್ದೇ ಇದೆ. ಒಂದು ಕಾಯಿಯನ್ನಾದರೂ ಕಡಿಯದೆ ಯಾರೂ ಒಳಸುತ್ತಿಗೆ ಹೋಗುವ ಹಾಗಿಲ್ಲ. ಅದರಲ್ಲೂ ದೊಡ್ಡಮುನಿಯಮ್ಮನ ಕೈಗೆ ಕವಡೆ ಬಂದರೆ ಹೆತ್ತ ತಾಯಿಯನ್ನೂ ಬಿಡುವವಳಲ್ಲ. ಆ ಕಾಯಿಯನ್ನು ಕಡಿದು, ಅವಳು ಆ ಹೆಸರನ್ನು ಬೀದಿಗೆ ಕೇಳುವ ಹಾಗೆ ಕೂಗಿ, ನಕ್ಕುಬಿಟ್ಟರೆ? ಈಗ ತಾನೆ ಬಾಯಿಬಿಟ್ಟ ಹುಡುಗಿ ಮತ್ತೆ ಮುಚ್ಚಿಕೊಂಡರೆ ಇನ್ನು ತೆರೆಯುವುದುಂಟೆ? ಸಂಜೆ ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ವೆಂಕಟರತ್ನಮ್ಮ ಶಾಮಲಮ್ಮ, ದೊಡ್ಡಮುನಿಯಮ್ಮ ಇಬ್ಬರ ಮನೆಗೂ ಹೋದಳು. ವಿಷಯ ಹೇಳಿದಳು. ಶಾಮಲಮ್ಮ ಕೆನ್ನೆಗೆ ಕೈಯಿಟ್ಟು, "ಅಯ್ಯೋ ದೇವುಡಾ, ಮನುಷ್ಯರ ಹೆಸ್ರು ಬ್ಯಾಡ ಅಂತ ಬಡ್ಕೊಂಡಿದ್ದೆ ನಾನು" ಎಂದಳು. ದೊಡ್ಡಮುನಿಯಮ್ಮ ರಾಗಿ ಕೇರುತ್ತಲೇ ಕೇಳಿಸಿಕೊಂಡಳು.

"ಕೈ ಮುಗೀತೀನಿ ಅಕ್ಕ, ಅದೊಂದ್ ಕಾಯಿ ಮುಟ್ಬೇಡ" ಎಂದಳು ವೆಂಕಟರತ್ನಮ್ಮ.

"ಆಯ್ತು ಬಿಡೇ. ನಾನೇನು ರಾಕ್ಷಸೀನಾ?" ಎಂದಳು ದೊಡ್ಡಮುನಿಯಮ್ಮ.

ಮಾರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ನಾಲ್ವರೂ ಪಡಸಾಲೆಯಲ್ಲಿ ಕೂತರು. ಸೀಮೆಸುಣ್ಣದಲ್ಲಿ ಮನೆ ಬರೆದದ್ದಾಯಿತು. ಹೊಸ ಕಾಯಿ ಆಟಕ್ಕೆ ಬಂದ ದಿನ ಒಡತಿ ಅದರ ಹೆಸರು ಹೇಳಿ ಇಡಬೇಕು. ಪದ್ಮಶ್ರೀ ಬೆಟ್ಟ, ಹುಣಸೇತೋಪು, ಸೈಕಲ್ಲು ಎಂದು ಮೂರನ್ನು ಇಟ್ಟಳು. ನಾಲ್ಕನೆಯದನ್ನು ಇಟ್ಟು, "ಜಾನಕಿ" ಎಂದಳು. ಶಾಮಲಮ್ಮ ಸೀಲಿಂಗ್ ನೋಡಿದಳು. ದೊಡ್ಡಮುನಿಯಮ್ಮ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಬಹಳ ಮಗ್ನಳಾದಳು.

ಆಟ ಶುರುವಾಯಿತು. ಪದ್ಮಶ್ರೀ ಬೇರೆ ಯಾವ ಕಾಯಿಯನ್ನೂ ಮುಟ್ಟದೆ ಬಿದ್ದ ಗರವನ್ನೆಲ್ಲ ಜಾನಕಿಗೇ ಕೊಟ್ಟು ನಡೆಸಿದಳು. ಜಾನಕಿ ಒಂದು ಮೂಲೆ ದಾಟಿತು. ಹಿಂದೆ ಮೂರು ಮನೆ ದೂರದಲ್ಲಿ ಶಾಮಲಮ್ಮನ ಕಾಯಿ ಇತ್ತು, ಅವಳಿಗೆ ಮೂರೇ ಬಿತ್ತು. ಅವಳು ಗಡಿಬಿಡಿಯಿಂದ ಇನ್ನೊಂದು ಕಾಯಿಯನ್ನು ಎತ್ತಿ ನಡೆಸಿದಳು. ಆಡುವುದು ಗೊತ್ತಿಲ್ಲದ ಮಗುವೂ ಹಾಗೆ ನಡೆಸುವುದಿಲ್ಲ. ಮುಂದಿನ ಸುತ್ತಿನಲ್ಲಿ ದೊಡ್ಡಮುನಿಯಮ್ಮನಿಗೆ ಚೌಕ, ಅಂದರೆ ನಾಲ್ಕು, ಬಿತ್ತು. ಅವಳ ಮೊದಲ್ನೇ ಬಸ್ಸು ಜಾನಕಿಯ ನಾಲ್ಕು ಮನೆ ಹಿಂದೆಯೇ ನಿಂತಿತ್ತು. ಅವಳ ಕೈ ರೂಢಿಯಂತೆ ಬಸ್ಸಿನ ಕಡೆ ಹೋಗಿ, ಬಿಸಿ ತಗುಲಿದ ಹಾಗೆ ಹಿಂದಕ್ಕೆ ಬಂತು. "ಇದನ್ನ ನಡೆಸ್ತೀನಿ" ಎಂದು ಮನೆಯಲ್ಲೇ ಕೂತಿದ್ದ ಇನ್ನೊಂದು ಕಾಯಿಯನ್ನು ನಾಲ್ಕು ಮನೆ ನಡೆಸಿದಳು, ಚೌಕಕ್ಕೆ ಸಿಗುವ ಇನ್ನೊಂದು ಗರವನ್ನೂ ಅದಕ್ಕೇ ಹಾಕಿದಳು.

ಪದ್ಮಶ್ರೀ ಕವಡೆಗೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ಅತ್ತೆಯ ಮುಖ.

"ನೀವ್ ಹೇಳಿದ್ರಾ ಅತ್ತೆ ಇವ್ರಿಗೆ?"

ವೆಂಕಟರತ್ನಮ್ಮನಿಗೆ ಸುಳ್ಳು ಹೊಳೆಯಲಿಲ್ಲ. "ನಿಂಗೆ ನೋವಾಗ್ಬಾರ್ದು ಅಂತ ಕಣಮ್ಮ..."

"ಆವಾಗ್ಲೂ ಇಂಗೇ ಮಾಡಿದ್ರಿ." ಪದ್ಮಶ್ರೀಯ ಧ್ವನಿ ಏರಲಿಲ್ಲ, ಅದೇ ಕೇಳಲು ಕಷ್ಟವಾಗಿತ್ತು. "ನಾನು ಮನೆಗೆ ಬರೋಷ್ಟರಲ್ಲಿ ತೊಟ್ಲು ಇಲ್ಲ, ಕುಲಾವಿ ಇಲ್ಲ. ಯಾರೂ ಒಂದ್ ಮಾತಾಡ್ಲಿಲ್ಲ. ಇವ್ರೂ ಅಷ್ಟೇ, ತೋಟಕ್ ಹೋಗ್ತಾರೆ, ಬದುವಿನ ಕಡೆ ತಿರುಗ್ ನೋಡಲ್ಲ. ಅವ್ಳು ಬಂದೇ ಇರ್ಲಿಲ್ಲ ಅನ್ನೋ ಹಂಗೆ ಎಲ್ರೂ ಸುತ್ತಾಕ್ಕೊಂಡ್ ಹೋಗ್ತೀರಿ. ಆಟದಲ್ಲಾದ್ರೂ ಎಲ್ರ ಜೊತೆ ಇರ್ಲಿ ಅಂತ ಹೆಸ್ರಿಟ್ಟೆ. ಇಲ್ಲೂ ಸುತ್ತಾಕ್ಕೊಂಡೇ ಹೋಗ್ತಿದ್ದೀರಲ್ಲ."

ಇವರು ಎಂದದ್ದು ಗಂಡ ವೇಣುಗೋಪಾಲನನ್ನು. ಪದ್ಮಶ್ರೀ ಒಂದೊಂದೇ ಕಾಯಿಯನ್ನು ಎತ್ತಿ ಮಡಿಲಿಗೆ ಹಾಕಿಕೊಳ್ಳತೊಡಗಿದಳು. ಬೆಟ್ಟ ಹೋಯಿತು, ತೋಪು ಹೋಯಿತು, ಸೈಕಲ್ಲು ಹೋಯಿತು. ವೆಂಕಟರತ್ನಮ್ಮನಿಗೆ ಗೊತ್ತಾಯಿತು, ಈಗ ಇವಳು ಎದ್ದು ಒಳಗೆ ಹೋದರೆ ಅಷ್ಟೇ. ವರ್ಷಪೂರ್ತಿ ತಾನು ಆ ಹುಡುಗಿಯನ್ನು ಕಾಪಾಡಿದೆನೆಂದುಕೊಂಡದ್ದು ಕಾಪಾಡುವುದಲ್ಲ, ಅವಳ ಬಾಯಿಗೆ ಎಲ್ಲರೂ ಸೇರಿ ಕೈ ಅಡ್ಡ ಹಿಡಿದದ್ದು. ಮೊದಲು ಹಿಡಿದ ಕೈ ತನ್ನದೇ.

"ಕೂತ್ಕೋ" ಎಂದಳು. ತಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಆಟದ್ ಮಧ್ಯ ಕಾಯಿ ಎತ್ತೋ ಹಂಗಿಲ್ಲ. ಇಡು ಇದ್ದಲ್ಲೇ."

ಸೊಸೆ ನೋಡಿದಳು. ಮೂರು ಕಾಯಿಯನ್ನು ವಾಪಸು ಇಟ್ಟಳು. ತನ್ನ ಪಾಲಿನ ಕವಡೆ ಆಡಿದಳು, ಒಂದು ಬಿತ್ತು. ಜಾನಕಿಯನ್ನು ಒಂದು ಮನೆ ಮುಂದಕ್ಕೆ ನಡೆಸಿ ಕವಡೆಯನ್ನು ಅತ್ತೆಯ ಕಡೆ ನೂಕಿದಳು.

ವೆಂಕಟರತ್ನಮ್ಮನ ಪೆದ್ದಮಾನು ಈಗ ಜಾನಕಿಯ ಎರಡು ಮನೆ ಹಿಂದೆ. ಅವಳು ಕವಡೆಯನ್ನು ಅಂಗೈಯಲ್ಲಿ ಕುಲುಕುತ್ತಾ ಇದ್ದಳು. ಎರಡು ಬೀಳಲಿ ಎಂದು ಬೇಡಿಕೊಂಡಳೋ ಬೀಳದಿರಲಿ ಎಂದೋ ಅವಳಿಗೇ ತಿಳಿಯದು. ಬಿಟ್ಟಳು. ಎರಡು ಕವಡೆ ಬಾಯಿ ಮೇಲಾಗಿ ಬಿದ್ದವು, ಎರಡು ಬೋರಲು.

ಶಾಮಲಮ್ಮ "ಅಕ್ಕಾ" ಎಂದಳು ಮೆಲ್ಲಗೆ. ವೆಂಕಟರತ್ನಮ್ಮ ಕೇಳಿಸಿಕೊಳ್ಳಲಿಲ್ಲ. ಪೆದ್ದಮಾನನ್ನು ಎತ್ತಿ ಒಂದು, ಎರಡು ಎಂದು ನಡೆಸಿ ಜಾನಕಿಯ ಪಕ್ಕಕ್ಕೆ ತಾಗಿಸಿ ಇಟ್ಟಳು. ಇನ್ನು ಹೆಸರು ಕೂಗಬೇಕು. ಮಡಿಲಲ್ಲಿಟ್ಟುಕೊಂಡು ಕೋಲಾರದಿಂದ ಬಂದ ದಾರಿಯಲ್ಲಿ ಆ ಮಗುವನ್ನು ಏನೆಂದೂ ಕರೆದಿರಲಿಲ್ಲ ಅವಳು. ಕರೆಯಲು ಹೆಸರಿರಲಿಲ್ಲ. ಕರೆದರೆ ಅಳು ಬರುತ್ತದೆ, ಮುಂದೆ ಡ್ರೈವರ್ ಇದ್ದಾನೆ, ಮಗ ಇದ್ದಾನೆ ಎಂದು ತುಟಿ ಕಚ್ಚಿ ಹಿಡಿದು ಕೂತಿದ್ದಳು.

"ಜಾನಕೀ" ಎಂದಳು. ಎರಡನೆಯ ಸಲ ಬೀದಿಗೆ ಕೇಳುವ ಹಾಗೆ ಕರೆದಳು. "ಜಾನಕೀ, ನಡಿಯೇ ಮನೆಗೆ!"

ಕಾಯಿಯನ್ನು ಎತ್ತಿದಳು. ಅದನ್ನು ಎಲ್ಲರ ಹಾಗೆ ಠಪ್ಪೆಂದು ಎಸೆಯದೆ, ಅಂಗೈಯಲ್ಲಿಟ್ಟುಕೊಂಡು ಬಗ್ಗಿ, ಸೊಸೆಯ ಮೊಣಕಾಲಿನ ಮುಂದಿನ ಮನೆಯಲ್ಲಿ ಇಟ್ಟಳು. ಕಡಿದವರಿಗೆ ಇನ್ನೊಂದು ಗರ ಉಂಟು. ಯಾರಿಗೂ ಅದು ನೆನಪಾಗಲಿಲ್ಲ. ಎಲೆಅಡಿಕೆ ಬಾಯಲ್ಲಿದ್ದ ದೊಡ್ಡಮುನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಸುಣ್ಣ ಜಾಸ್ತಿಯಾಯಿತು ಎಂದು ಗೊಣಗಿದಳು.

ಪದ್ಮಶ್ರೀ ವಾಪಸು ಬಂದ ಕಾಯಿಯನ್ನು ನೋಡುತ್ತಾ ಕೂತಿದ್ದಳು. ಅಳುತ್ತಿದ್ದಳು, ಆದರೆ ಮುಖ ಮುಚ್ಚಿಕೊಳ್ಳಲಿಲ್ಲ. "ಅತ್ತೆ" ಎಂದಳು. "ಅವ್ಳು ಯಾರ್ ಥರ ಇದ್ಲು?"

ವರ್ಷವಿಡೀ ಆ ಹುಡುಗಿ ಕೇಳದೆ ನುಂಗಿಕೊಂಡಿದ್ದ ಮಾತು ಇದು ಎಂದು ವೆಂಕಟರತ್ನಮ್ಮನಿಗೆ ಆಗ ಹೊಳೆಯಿತು. ಮನೆಯವರಲ್ಲಿ ಆ ಮುಖ ನೋಡಿದವಳು ತಾನೊಬ್ಬಳೇ. ಗಂಡ ಗುಣಿ ತೆಗೆದವನು ಮುಖ ತಿರುಗಿಸಿಕೊಂಡಿದ್ದ, ಮಗ ಕಾರಿನಲ್ಲೂ ಹಿಂದೆ ತಿರುಗಿ ನೋಡಿರಲಿಲ್ಲ. ಯಾರೂ ಕೇಳದಿದ್ದ ಕಾರಣ ಯಾರಿಗೂ ಹೇಳಿರಲಿಲ್ಲ, ಮರೆತೂ ಇರಲಿಲ್ಲ.

"ಕೂದ್ಲು ಕಣಮ್ಮ" ಎಂದಳು. "ತಲೆ ತುಂಬ ಕೂದ್ಲು, ಒದ್ದೆ ಒದ್ದೆ, ಹಣೆ ಮೇಲೆ ಅಂಟ್ಕೊಂಡಿತ್ತು. ನಾನು ಬೆರಳಲ್ಲಿ ಹಿಂದಕ್ ಸವರ್ದೆ. ಬಣ್ಣ ನಮ್ ವೇಣುದು. ಮೂಗು ಯಾರ್ದೋ ಗೊತ್ತಾಗ್ಲಿಲ್ಲ, ಇಷ್ಟಿಷ್ಟೇ ಇತ್ತು. ನಿದ್ದೆ ಮಾಡೋ ಹಂಗಿದ್ಲು, ನೋವೇನೂ ಕಾಣ್ಲಿಲ್ಲ ಮುಖದಲ್ಲಿ, ಸತ್ಯವಾಗ್ಲೂ. ಕಿವಿ ಮಾತ್ರ ನಿಂದೇ. ಈ ತುದಿ ಸ್ವಲ್ಪ ಮೇಲಕ್ ಎತ್ಕೊಂಡೈತಲ್ಲ, ಹಂಗೇ ಇತ್ತು."

ಪದ್ಮಶ್ರೀಯ ಕೈ ತನ್ನ ಕಿವಿಗೆ ಹೋಯಿತು. ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ಅವಳು ಅತ್ತೆಯ ಹತ್ತಿರಕ್ಕೆ ಸರಿದು ಕೂತಳು.

"ಇನ್ನೂ ಹೇಳಿ" ಎಂದಳು.